ಸಾಲ ಸೆಟಲ್ ಆಯ್ತು, ಈಗ ಸಿಬಿಲ್ ಸರಿಮಾಡೋದು ಹೇಗೆ?

ಬ್ಯಾಂಕಿನವರ ಜತೆ ಕೂತು ಮಾತಾಡಿ, ಒಂದು ಮೊತ್ತಕ್ಕೆ ಒಪ್ಪಿಸಿ, ಹೇಗೋ ದುಡ್ಡು ಹೊಂದಿಸಿ ಕಟ್ಟಿದ್ದಾಯ್ತು. ವಸೂಲಿಯವರ ಫೋನ್ ನಿಂತಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಎರಡು ವರ್ಷ ಬಿಟ್ಟು ಒಂದು ಗಾಡಿ ಸಾಲಕ್ಕೆ ಅಂತ ಹೋದರೆ, ಎದುರಿಗೆ ಕೂತವರು ಕಂಪ್ಯೂಟರ್ ನೋಡಿ 'ನಿಮ್ಮ ಸಿಬಿಲ್ ಸರಿಯಿಲ್ಲ' ಅಂತಾರೆ. ಸಿಬಿಲ್ ಅಂದರೆ ನಾವು ಯಾವ ಸಾಲ ತಗೊಂಡೆವು, ಹೇಗೆ ತೀರಿಸಿದೆವು ಅನ್ನೋ ದಾಖಲೆ. ಕಟ್ಟಿ ಮುಗಿಸಿದ ಸಾಲ ಮತ್ತೆ ಎದ್ದು ಬಂದ ಹಾಗೆ ಆಗುತ್ತೆ.

ನನಗೂ ಹೀಗೇ ಆಯ್ತು. ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆದು 1,84,000 ರೂಪಾಯಿ ಆಗಿತ್ತು. ಬ್ಯಾಂಕ್ 95,000ಕ್ಕೆ ಒಪ್ಪಿತು, ಕಟ್ಟಿದೆ. ಅಲ್ಲಿಗೆ ಮುಗೀತು ಅಂದುಕೊಂಡು ಹನ್ನೊಂದು ತಿಂಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ರಿಪೋರ್ಟ್ ತೆಗೆಸಿ ನೋಡಿದರೆ ಅದೇ ಕಾರ್ಡು 89,000 ರೂಪಾಯಿ ಬಾಕಿ ಅಂತ ತೋರಿಸುತ್ತಾ ಕೂತಿತ್ತು. ಆ ಹನ್ನೊಂದು ತಿಂಗಳು ನನಗೆ ಸುಮ್ನೆ ನಷ್ಟವಾಯ್ತು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಇದು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಜತೆ ಒನ್ ಟೈಮ್ ಸೆಟಲ್‌ಮೆಂಟ್ ಮಾಡಿಕೊಂಡವರಿಗೆ. ಲೋಕ ಅದಾಲತ್‌ನಲ್ಲಿ ರಾಜಿಯಾದವರಿಗೂ ಹೊಂದುತ್ತೆ. ಲೋಕ ಅದಾಲತ್ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಆದರೆ ಆ ತೀರ್ಪು ತಾನಾಗಿಯೇ ಸಿಬಿಲ್‌ಗೆ ಹೋಗಿ ಸೇರುವುದಿಲ್ಲ. ಕೇಸು ಮುಗಿದರೂ, ದುಡ್ಡು ಕಟ್ಟಿದರೂ, ಬ್ಯಾಂಕ್ ಹೊಸ ಮಾಹಿತಿ ಕಳಿಸಿದಾಗ ಮಾತ್ರ ರಿಪೋರ್ಟ್ ಬದಲಾಗುತ್ತೆ. ಕಳಿಸಿದ್ದಾರಾ ಇಲ್ವಾ ಅಂತ ನಾವೇ ಹೋಗಿ ನೋಡಬೇಕು.

ಮೊದಲ ಕೆಲಸ: ಕಾಗದ ಕೈಗೆ ಬರಲಿ

ಹೊಸ ಕಾರ್ಡು, ಹೊಸ ಸಾಲ ಅಂತ ಯೋಚಿಸುವ ಮುಂಚೆ ಒಂದು ಫೈಲ್ ಮಾಡಿ. ಅದರಲ್ಲಿ ಮೂರು ಕಾಗದ ಇರಲೇಬೇಕು.

ಒಂದು, ಸೆಟಲ್‌ಮೆಂಟ್ ಪತ್ರ. ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಸಾಲದ ಖಾತೆ ನಂಬರ್, ಒಟ್ಟು ಬಾಕಿ, ಒಪ್ಪಿದ ಮೊತ್ತ, ಕಟ್ಟಬೇಕಾದ ತಾರೀಖು ಎಲ್ಲ ಇರಬೇಕು. ಈ ಮೊತ್ತ ಕಟ್ಟಿದರೆ ಲೆಕ್ಕ ಪೂರ್ತಿ ಚುಕ್ತಾ ಅನ್ನೋ ಮಾತು ಸ್ಪಷ್ಟವಾಗಿರಬೇಕು. ಎರಡು, ಕಟ್ಟಿದ್ದಕ್ಕೆ ಪುರಾವೆ. ಆನ್‌ಲೈನ್‌ನಲ್ಲಿ ಕಟ್ಟಿದ್ದರೆ ಯುಟಿಆರ್ ನಂಬರ್ (ಆ ದುಡ್ಡು ಕಳಿಸಿದ್ದರ ಗುರುತಿನ ನಂಬರ್) ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟ, ಶಾಖೆಯಲ್ಲಿ ಕಟ್ಟಿದ್ದರೆ ಸೀಲು ಹಾಕಿದ ರಸೀದಿ. ಮೂರು, ನೋ ಡ್ಯೂ ಸರ್ಟಿಫಿಕೇಟ್, ಅಂದರೆ ಇನ್ನು ಬಾಕಿ ಏನೂ ಇಲ್ಲ ಅನ್ನೋ ಪತ್ರ. ಎಲ್ಲರೂ ಎನ್‌ಡಿಸಿ ಅಂತಾರೆ. ಲೋಕ ಅದಾಲತ್ ಆಗಿದ್ದರೆ ತೀರ್ಪಿನ ದೃಢೀಕೃತ ನಕಲನ್ನೂ ಸೇರಿಸಿ.

ಎನ್‌ಡಿಸಿ ವಿಷಯದಲ್ಲಿ ಜನ ಬಹಳ ಸಡಿಲ ಬಿಡುತ್ತಾರೆ. 'ಮೆಸೇಜ್ ಬಂದಿದೆಯಲ್ಲ ಸಾಕು' ಅಂತಾರೆ. ಸಾಕಾಗಲ್ಲ. ಫೋನ್ ಕಳೆದು ಹೋಗುತ್ತೆ, ನಂಬರ್ ಬದಲಾಗುತ್ತೆ, ಅವತ್ತು ನಿಮ್ಮ ಜತೆ ಮಾತಾಡಿದ ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ. ನನ್ನ ಸೆಟಲ್‌ಮೆಂಟ್ ಪತ್ರವನ್ನು ಅಮ್ಮ ಬೀರುವಿನಲ್ಲಿ ರೇಷನ್ ಕಾರ್ಡಿನ ಜತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟಿದ್ದಳು. ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಸ್ವಲ್ಪ ಮಾಸಿತ್ತು, ಆದರೆ ಖಾತೆ ನಂಬರ್ರೂ ಸಹಿಯೂ ಚೆನ್ನಾಗಿ ಕಾಣುತ್ತಿತ್ತು. ಅದೊಂದು ಇಲ್ಲದಿದ್ದರೆ ನಾನು ಏನನ್ನೂ ತೋರಿಸೋಕೆ ಆಗುತ್ತಿರಲಿಲ್ಲ. ನೀವು ಅದರ ಫೋಟೋ ತೆಗೆದು ನಿಮ್ಮ ಇಮೇಲ್‌ಗೇ ಕಳಿಸಿಕೊಳ್ಳಿ.

ಇನ್ನೊಂದು ಗಮನಿಸಿ. ನಿಮ್ಮ ಸಾಲವನ್ನು ಬ್ಯಾಂಕ್ ಬೇರೊಂದು ಕಂಪನಿಗೆ ಮಾರಿರಬಹುದು. ಇವುಗಳಿಗೆ ಆಸ್ತಿ ಪುನರ್ರಚನಾ ಕಂಪನಿ ಅಂತ ಹೆಸರು, ಚಿಕ್ಕದಾಗಿ ಎಆರ್‌ಸಿ. ಹಾಗಾಗಿದ್ದರೆ ಈಗ ಸಾಲ ಯಾರ ಕೈಯಲ್ಲಿದೆಯೋ ಅವರ ಎನ್‌ಡಿಸಿಯೇ ಬೇಕು.

ಆಸ್ತಿ ಪತ್ರ ಅಡ ಇಟ್ಟಿದ್ದಿರಾ? ಪೂರ್ತಿ ತೀರಿಸಿದ ಅಥವಾ ಸೆಟಲ್ ಮಾಡಿದ ಮೇಲೆ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ 2023ರಲ್ಲಿ ಹೇಳಿದೆ, ಆ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಗಾಡಿ ಸಾಲವಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಫಾರ್ಮ್ 35 ಹಿಡಿದು ಆರ್‌ಟಿಒದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್‌ಗಳನ್ನು ವಾಪಸ್ ಕೇಳಿ. ನಿಮ್ಮ ಖಾತೆಯಿಂದ ತಾನಾಗಿ ಕಂತು ಎಳೆಯುವ ಮ್ಯಾಂಡೇಟ್ ಇದ್ದರೆ ಅದನ್ನೂ ರದ್ದು ಮಾಡಿಸಿ.

ಎರಡನೇ ಕೆಲಸ: ನಾಲ್ಕೂ ರಿಪೋರ್ಟ್ ತೆಗೆಸಿ

ನಾವು ಬಾಯಿಮಾತಿಗೆ ಎಲ್ಲದಕ್ಕೂ 'ಸಿಬಿಲ್' ಅಂತೀವಿ. ನಿಜವಾಗಿ ಈ ದಾಖಲೆ ಇಡುವ ಕ್ರೆಡಿಟ್ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಬ್ಯಾಂಕುಗಳು ನಾಲ್ಕಕ್ಕೂ ಮಾಹಿತಿ ಕೊಡಬೇಕು. ಒಂದರಲ್ಲಿ ಸರಿಯಾಗಿ ಇನ್ನೊಂದರಲ್ಲಿ ಹಳೆಯದೇ ಉಳಿಯೋದು ಸಾಮಾನ್ಯ. ನೀವು ಸಾಲ ಕೇಳುವ ಬ್ಯಾಂಕ್ ಯಾವುದನ್ನು ತೆಗೆದು ನೋಡುತ್ತೋ ನಮಗೆ ಗೊತ್ತಿರಲ್ಲ. ಅದಕ್ಕೇ ನಾಲ್ಕೂ ಬೇಕು.

ಇದಕ್ಕೆ ದುಡ್ಡು ಕೊಡಬೇಕಿಲ್ಲ. ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಸ್ಕೋರ್ ಸಮೇತ ಉಚಿತವಾಗಿ ಕೊಡಬೇಕು. ಆಯಾ ಕಂಪನಿಯ ವೆಬ್‌ಸೈಟಿಗೇ ಹೋಗಿ, ಪ್ಯಾನ್ ನಂಬರ್, ಫೋನ್ ನಂಬರ್ ಕೊಟ್ಟು, ಒಟಿಪಿ ಹಾಕಿ ತೆಗೆಯಿರಿ. ದುಡ್ಡಿನ ಪ್ಲಾನ್‌ಗಳನ್ನು ಮುಂದೆ ತಂದು ತೋರಿಸುತ್ತಾರೆ, ಉಚಿತ ಅಂತ ಇರೋದನ್ನು ಹುಡುಕಿ ಒತ್ತಿ. ನಮ್ಮ ರಿಪೋರ್ಟನ್ನು ನಾವೇ ನೋಡಿದರೆ ಸ್ಕೋರ್ ಕಡಿಮೆಯಾಗಲ್ಲ. ಈ ಹೆದರಿಕೆ ತುಂಬಾ ಜನರಿಗಿದೆ, ಬಿಟ್ಟುಬಿಡಿ.

ಸೆಟಲ್‌ಮೆಂಟ್ ದುಡ್ಡು ಕಟ್ಟಿ ಒಂದೂವರೆ ತಿಂಗಳು ಬಿಟ್ಟು ತೆಗೆಸಿದರೆ ಒಳ್ಳೆಯದು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಅಷ್ಟು ಹೊತ್ತಿಗೆ ಹೊಸ ವಿವರ ಸೇರಿರಬೇಕು.

ಮೂರನೇ ಕೆಲಸ: ಸ್ಕೋರ್ ಬಿಡಿ, ಸಾಲುಗಳನ್ನು ಓದಿ

ರಿಪೋರ್ಟ್ ಬಂದ ಕೂಡಲೇ ಎಲ್ಲರ ಕಣ್ಣೂ ಆ ಮೂರಂಕಿಯ ಮೇಲೆ ಹೋಗುತ್ತೆ. ಸ್ಕೋರ್ 300ರಿಂದ 900ರ ತನಕ ಇರುತ್ತೆ, 750ರ ಮೇಲಿದ್ದರೆ ಚೆನ್ನಾಗಿದೆ ಅಂತ ಬ್ಯಾಂಕಿನವರು ಹೇಳುತ್ತಾರೆ. ನಿಮ್ಮದು ಅದಕ್ಕಿಂತ ಎಷ್ಟೋ ಕೆಳಗಿರಬಹುದು. ಅದನ್ನೇ ನೋಡುತ್ತಾ ಕೂತರೆ ಬೇಜಾರು ಬಿಟ್ಟು ಬೇರೇನೂ ಸಿಗಲ್ಲ. ತಿದ್ದೋಕೆ ಆಗೋದು ಇರೋದು ಒಳಗಿನ ಸಾಲುಗಳಲ್ಲಿ.

ಪ್ರಿಂಟ್ ತೆಗೆಸಿ. ನಾನು ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಹದಿನಾಲ್ಕು ಪುಟ ತೆಗೆಸಿ, ಮಗಳ ಸ್ಕೇಲ್ ಇಟ್ಟುಕೊಂಡು ಒಂದೊಂದೇ ಸಾಲು ಓದಿದೆ. ಫೋನಿನಲ್ಲಿ ನೋಡಿದಾಗ ಕಣ್ಣು ತಪ್ಪಿದ್ದ ಎರಡು ತಪ್ಪು ಆವಾಗ ಸಿಕ್ಕವು.

ಪ್ರತಿ ಸಾಲಕ್ಕೂ ಒಂದು ಚೌಕ ಇರುತ್ತೆ. ಸೆಟಲ್ ಆದ ಸಾಲದ ಚೌಕದಲ್ಲಿ ಇವನ್ನು ನೋಡಿ.

ಖಾತೆಯ ಸ್ಥಿತಿ. ಇಲ್ಲಿ 'ಸೆಟಲ್ಡ್' ಅಂತ ಇರಬೇಕು. ಬ್ಯಾಂಕ್ ಮೊದಲು ಸಾಲವನ್ನು ರೈಟ್ ಆಫ್ ಮಾಡಿ (ಬರೋದಿಲ್ಲ ಅಂತ ತನ್ನ ಲೆಕ್ಕದಿಂದ ತೆಗೆದು), ಆಮೇಲೆ ಸೆಟಲ್ ಆಗಿದ್ದರೆ 'ಪೋಸ್ಟ್ ರಿಟನ್ ಆಫ್ ಸೆಟಲ್ಡ್' ಅಂತಲೂ ಬರುತ್ತೆ. ಬರೀ 'ರಿಟನ್ ಆಫ್' ಅಂತಿದ್ದರೆ ನೀವು ಕಟ್ಟಿದ್ದು ಇನ್ನೂ ದಾಖಲೆಗೆ ಹೋಗಿಲ್ಲ. ಇವೆರಡರ ನಡುವೆ ವ್ಯತ್ಯಾಸ ದೊಡ್ಡದು. ಸೆಟಲ್ಡ್ ಅಂದರೆ ಕಡಿಮೆ ದುಡ್ಡಿಗೆ ರಾಜಿಯಾದವರು. ರಿಟನ್ ಆಫ್ ಅಂದರೆ ಇನ್ನೂ ಕೊಡಬೇಕಾದವರು.

ಈಗಿನ ಬಾಕಿ ಮತ್ತು ತಾರೀಖು ಮೀರಿದ ಬಾಕಿ. ಎರಡೂ ಸೊನ್ನೆ ಇರಬೇಕು. ನನ್ನದರಲ್ಲಿ ಇದ್ದ 89,000 ಎಲ್ಲಿಂದ ಬಂತು ಗೊತ್ತಾ? ಬ್ಯಾಂಕ್ ಬಿಟ್ಟುಕೊಟ್ಟ ಮೊತ್ತವೇ ಅದು. ಅದನ್ನೇ ಬಾಕಿಯ ಜಾಗದಲ್ಲಿ ಹಾಗೇ ಬಿಟ್ಟಿದ್ದರು.

ತಿಂಗಳವಾರು ಪಟ್ಟಿ. 36 ತಿಂಗಳ ಪುಟ್ಟ ಪುಟ್ಟ ಮನೆಗಳು ಇರುತ್ತವೆ. ಇದಕ್ಕೆ ಡಿಪಿಡಿ ಅಂತಾರೆ, ಕಂತಿನ ತಾರೀಖು ದಾಟಿ ಎಷ್ಟು ದಿನವಾಯ್ತು ಅನ್ನೋ ಲೆಕ್ಕ. '000' ಇದ್ದರೆ ಸರಿಯಾಗಿ ಕಟ್ಟಿದ ತಿಂಗಳು. 'ಎಸ್‌ಟಿಡಿ' ಅಂದರೂ ತೊಂದರೆ ಇಲ್ಲ. '030', '090' ಅಂತಿದ್ದರೆ ಅಷ್ಟು ದಿನ ತಡ. 'ಎಸ್‌ಯುಬಿ', 'ಡಿಬಿಟಿ', 'ಎಲ್‌ಎಸ್‌ಎಸ್' ಅಂದರೆ ಸಾಲ ಕೆಟ್ಟಿದೆ ಅಂತ. 'ಎಕ್ಸ್‌ಎಕ್ಸ್‌ಎಕ್ಸ್' ಕಂಡರೆ ಗಾಬರಿ ಬೇಡ, ಆ ತಿಂಗಳು ಬ್ಯಾಂಕ್ ಮಾಹಿತಿ ಕಳಿಸಿಲ್ಲ ಅಷ್ಟೇ. ನೀವು ಹುಡುಕಬೇಕಾದ್ದು ಒಂದೇ: ಸೆಟಲ್‌ಮೆಂಟ್ ಆದ ತಾರೀಖಿನ ನಂತರದ ತಿಂಗಳುಗಳಲ್ಲಿ ತಡದ ಅಂಕಿ ಇದೆಯಾ? ಇದ್ದರೆ ಅದು ತಪ್ಪು. ಅದಕ್ಕೂ ಮುಂಚಿನವು ನಿಜವಾಗಿ ಆದದ್ದು, ಅವನ್ನು ತೆಗೆಸೋಕೆ ಆಗಲ್ಲ.

ಒಂದೇ ಸಾಲ ಎರಡು ಸಲ ಬಂದಿದೆಯಾ? ಎಆರ್‌ಸಿಗೆ ಮಾರಿದ ಸಾಲಗಳಲ್ಲಿ ಬ್ಯಾಂಕಿನ ಹೆಸರಲ್ಲೊಂದು, ಎಆರ್‌ಸಿ ಹೆಸರಲ್ಲೊಂದು ಉಳಿದುಕೊಳ್ಳುತ್ತೆ. ಎರಡರಲ್ಲೂ ಬಾಕಿ ತೋರಿಸಿದರೆ ನೀವು ದುಪ್ಪಟ್ಟು ಸಾಲಗಾರರಾಗಿ ಕಾಣುತ್ತೀರಿ.

ಆಮೇಲೆ ಹೆಸರು, ಪ್ಯಾನ್, ಹುಟ್ಟಿದ ದಿನ, ವಿಳಾಸ ನೋಡಿ. ನೀವು ತೆಗೆದುಕೊಳ್ಳದ ಸಾಲ ನಿಮ್ಮ ಹೆಸರಲ್ಲಿದೆಯಾ ಅಂತಲೂ ನೋಡಿ. ಕೊನೆಯ ಪುಟಗಳಲ್ಲಿ ಯಾರು ಯಾರು ನಿಮ್ಮ ರಿಪೋರ್ಟ್ ತೆಗೆದು ನೋಡಿದ್ದಾರೆ ಅನ್ನೋ ಪಟ್ಟಿ ಇರುತ್ತೆ. ನೀವು ಅರ್ಜಿಯನ್ನೇ ಹಾಕದ ಕಂಪನಿ ಅಲ್ಲಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ.

ನಾಲ್ಕನೇ ಕೆಲಸ: ತಪ್ಪಿದ್ದರೆ ಎರಡೂ ಕಡೆ ದೂರು ಕೊಡಿ

ಕ್ರೆಡಿಟ್ ಕಂಪನಿ ತಾನೇ ಏನನ್ನೂ ತಿದ್ದೋದಿಲ್ಲ. ಬ್ಯಾಂಕ್ 'ಹೌದು, ತಪ್ಪಾಗಿದೆ' ಅಂದ ಮೇಲೆಯೇ ತಿದ್ದುತ್ತೆ. ಆದ್ದರಿಂದ ಕಂಪನಿಯ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ (ಮಾಹಿತಿ ತಪ್ಪಿದೆ ಅನ್ನೋ ದೂರು) ಹಾಕಿ, ಅದೇ ದಿನ ಬ್ಯಾಂಕಿಗೂ ಬರೆಯಿರಿ. ಡಿಸ್ಪ್ಯೂಟ್ ಹಾಕೋಕೆ ಶುಲ್ಕ ಇಲ್ಲ. ರಿಪೋರ್ಟಿನ ಮೇಲೆ ಇರುವ ಕಂಟ್ರೋಲ್ ನಂಬರ್ ಬೇಕಾಗುತ್ತೆ.

ಬ್ಯಾಂಕಿಗೆ ಬರೆಯುವಾಗ ನಿಮ್ಮ ಕಷ್ಟದ ಕಥೆ ಹೇಳಬೇಡಿ. ಬರೆಯಬೇಕು ಅನ್ನಿಸುತ್ತೆ, ನನಗೂ ಅನ್ನಿಸಿತ್ತು. ಮೊದಲ ಸಲ ಎರಡು ಪುಟ ಬರೆದೆ, ಉತ್ತರವೇ ಬರಲಿಲ್ಲ. ಎರಡನೇ ಸಲ ಹೀಗೆ ಬರೆದೆ:

'ಖಾತೆ ನಂಬರ್ ಇಂಥದ್ದು. ಈ ತಾರೀಖಿನ ನಿಮ್ಮ ಪತ್ರದಂತೆ 95,000 ರೂಪಾಯಿಯನ್ನು ಈ ತಾರೀಖಿಗೆ ಕಟ್ಟಿದ್ದೇನೆ. ಯುಟಿಆರ್ ನಂಬರ್ ಇದು. ಈ ತಾರೀಖಿನ ರಿಪೋರ್ಟಿನಲ್ಲಿ ಖಾತೆಯ ಸ್ಥಿತಿ ರಿಟನ್ ಆಫ್ ಎಂದೂ ಬಾಕಿ 89,000 ಎಂದೂ ಇದೆ. ಸ್ಥಿತಿಯನ್ನು ಸೆಟಲ್ಡ್ ಎಂದೂ ಬಾಕಿಯನ್ನು ಸೊನ್ನೆ ಎಂದೂ ತಿದ್ದಿ, ನಾಲ್ಕೂ ಕ್ರೆಡಿಟ್ ಕಂಪನಿಗಳಿಗೆ ಕಳಿಸಿ, ನನಗೆ ಲಿಖಿತವಾಗಿ ತಿಳಿಸಿ. ಪತ್ರ, ರಸೀದಿ, ರಿಪೋರ್ಟಿನ ಪುಟ ಲಗತ್ತಿಸಿದ್ದೇನೆ.'

ಇಷ್ಟೇ. ಯಾವುದು ತಪ್ಪು, ಏನಾಗಬೇಕು, ಪುರಾವೆ ಏನು. ಓದುವವರಿಗೆ ಯೋಚಿಸೋ ಕೆಲಸ ಉಳಿಸಬೇಡಿ. ದೂರಿನ ನಂಬರ್ ತಪ್ಪದೆ ಪಡೆಯಿರಿ, ತಾರೀಖು ಬರೆದಿಟ್ಟುಕೊಳ್ಳಿ.

ತಾರೀಖು ಯಾಕೆ ಮುಖ್ಯ ಅಂದರೆ, ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇದು ಸರಿಹೋಗಬೇಕು. ಅದರಲ್ಲಿ ಬ್ಯಾಂಕಿಗೆ 21 ದಿನ. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್ 26ರಿಂದ ಆರ್‌ಬಿಐನ ಈ ನಿಯಮ ಜಾರಿಯಲ್ಲಿದೆ. ನನ್ನ ಕಾಲಕ್ಕೆ ಇದು ಇರಲಿಲ್ಲ, ಮೂರು ತಿಂಗಳು ಅಲೆದಾಡಿದೆ. ಈಗ ಇದೆ, ಪತ್ರದ ಕೊನೆಯಲ್ಲಿ ಒಂದು ಸಾಲು ನೆನಪಿಸಿ.

30 ದಿನವಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದರೆ ಆರ್‌ಬಿಐ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗಬಹುದು. ಸಿಎಂಎಸ್ ಅನ್ನೋ ಪೋರ್ಟಲ್‌ನಲ್ಲಿ ದೂರು ಹಾಕಬೇಕು, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಕಂಪನಿಗಳ ಮೇಲೂ ಇಲ್ಲಿ ದೂರು ಕೊಡಬಹುದು. ಮಾಹಿತಿಗೆ 14448 ಸಹಾಯವಾಣಿ ಇದೆ.

'ಸೆಟಲ್ಡ್' ಅನ್ನೋದನ್ನು 'ಕ್ಲೋಸ್ಡ್' ಮಾಡಿಸಬಹುದಾ?

ಮಾಡಿಸಬಹುದು, ದುಡ್ಡಿದ್ದರೆ. ಬ್ಯಾಂಕ್ ಬಿಟ್ಟುಕೊಟ್ಟ ಉಳಿದ ಮೊತ್ತವನ್ನು ಕಟ್ಟಿ, ಪೂರ್ತಿ ತೀರಿದ್ದಕ್ಕೆ ಹೊಸ ಎನ್‌ಡಿಸಿ ಪಡೆದು, ಸ್ಥಿತಿ ಬದಲಿಸಿ ಅಂತ ಕೇಳಬಹುದು. ಮನೆ ಸಾಲ ಕೊಡುವ ಎಷ್ಟೋ ಬ್ಯಾಂಕುಗಳು 'ಮೊದಲು ಅದನ್ನು ಕ್ಲೋಸ್ ಮಾಡಿಸಿ ಬನ್ನಿ' ಅಂತಲೇ ಹೇಳುತ್ತವೆ.

ಆದರೆ ಎಲ್ಲರಿಗೂ ಇದು ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಉಳಿದದ್ದು ಹತ್ತು ಹದಿನೈದು ಸಾವಿರ, ಮುಂದಿನ ಎರಡು ಮೂರು ವರ್ಷದಲ್ಲಿ ಮನೆ ಸಾಲ ಬೇಕೇ ಬೇಕು ಅಂದರೆ ಕಟ್ಟಿಬಿಡಿ. ಉಳಿದದ್ದು ಲಕ್ಷ ಗಟ್ಟಲೆ, ಕೈಯಲ್ಲಿ ಆಪತ್ತಿಗೆ ಅಂತ ಒಂದು ರೂಪಾಯಿ ಇಲ್ಲ ಅಂದರೆ ಬೇಡ. ಆ ದುಡ್ಡನ್ನು ಉಳಿತಾಯದಲ್ಲಿಡಿ. ಇನ್ನೊಂದು ಸಲ ಆಸ್ಪತ್ರೆ ಖರ್ಚೋ ಕೆಲಸ ಹೋಗೋದೋ ಬಂದಾಗ ಮತ್ತೆ ಕಾರ್ಡು ಉಜ್ಜದೆ ಇರೋಕೆ ಅದೇ ಬೇಕು. ಇದಕ್ಕಾಗಿ ಕೈಸಾಲ ಮಾಡೋದಂತೂ ಬೇಡವೇ ಬೇಡ. ಕಟ್ಟುವ ಹಾಗಿದ್ದರೆ, ಕಟ್ಟಿದ ಮೇಲೆ 'ಕ್ಲೋಸ್ಡ್' ಅಂತ ಕಳಿಸುತ್ತೇವೆ ಅನ್ನೋದನ್ನು ಬರವಣಿಗೆಯಲ್ಲಿ ಮೊದಲು ಪಡೆಯಿರಿ, ಆಮೇಲೆ ದುಡ್ಡು. ಕಟ್ಟಿದ ಮೇಲೂ ಹಿಂದಿನ ತಡದ ತಿಂಗಳುಗಳು ಹಾಗೇ ಇರುತ್ತವೆ ಅನ್ನೋದು ಗೊತ್ತಿರಲಿ.

'ಏಳು ವರ್ಷ ಬಿಟ್ಟರೆ ತಾನೇ ಅಳಿಸಿ ಹೋಗುತ್ತೆ' ಅಂತ ಹೇಳೋರು ಸಿಗುತ್ತಾರೆ. ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅನ್ನೋದು ನಿಯಮ. ಕನಿಷ್ಠ ಅಂತಿದೆ, ಅಲ್ವಾ? ಆ ದಿನಕ್ಕೆ ಕಾದು ಕೂರಬೇಡಿ.

ಮೊದಲ ಒಂದು ವರ್ಷ

ರಾಜಿಯಾದವರಿಗೆ ಹೊಸ ಸಾಲ ಕೊಡುವ ಮುಂಚೆ ಕನಿಷ್ಠ 12 ತಿಂಗಳ ಬಿಡುವು ಇರಬೇಕು ಅಂತ ಆರ್‌ಬಿಐ 2023ರ ಜೂನ್‌ನಲ್ಲಿ ಹೇಳಿತು. ಕೃಷಿ ಸಾಲಕ್ಕೆ ಈ 12 ತಿಂಗಳ ಲೆಕ್ಕ ಇಲ್ಲ, ಅದನ್ನು ಬ್ಯಾಂಕುಗಳೇ ಗೊತ್ತು ಮಾಡುತ್ತವೆ. ಬೇಕಿದ್ದರೆ ಬ್ಯಾಂಕುಗಳು 12ಕ್ಕಿಂತ ಜಾಸ್ತಿ ತಿಂಗಳೂ ಇಟ್ಟುಕೊಳ್ಳಬಹುದು. ಹಾಗಾಗಿ ಈ ಅವಧಿಯಲ್ಲಿ ಅಲ್ಲಿ ಇಲ್ಲಿ ಅರ್ಜಿ ಹಾಕಿ ನಿರಾಕರಣೆ ತಂದುಕೊಳ್ಳೋದರಲ್ಲಿ ಅರ್ಥವಿಲ್ಲ. ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ಒಂದು ಸಾಲಾಗಿ ಉಳಿಯುತ್ತೆ. ಎರಡು ತಿಂಗಳಲ್ಲಿ ಆರು ಕಂಪನಿ ನಿಮ್ಮ ರಿಪೋರ್ಟ್ ತೆಗೆದಿದ್ದರೆ, ಏಳನೆಯವರು 'ಇವರಿಗೆ ದುಡ್ಡಿನ ಆತುರ ಇದೆ' ಅಂದುಕೊಳ್ಳುತ್ತಾರೆ. ಫೋನಿನಲ್ಲಿ ಬರುವ ಸಾಲದ ಆ್ಯಪ್‌ಗಳನ್ನು ಈ ವರ್ಷ ಮುಟ್ಟಲೇಬೇಡಿ.

ಈ ವರ್ಷದ ಕೆಲಸ ಎರಡೇ. ರಿಪೋರ್ಟಿನ ತಪ್ಪುಗಳನ್ನು ಸರಿಮಾಡಿಸೋದು, ಮತ್ತು ಒಂದು ಎಫ್‌ಡಿಗೆ ದುಡ್ಡು ಸೇರಿಸೋದು. ಬೇರೆ ಸಾಲ ಯಾವುದಾದರೂ ನಡೆಯುತ್ತಿದ್ದರೆ ಅದರ ಕಂತು ಒಂದೂ ತಪ್ಪಬಾರದು. ಮೊಬೈಲ್, ಫ್ರಿಜ್ ಕಂತಿನಲ್ಲಿ ತಗೊಂಡದ್ದೂ ರಿಪೋರ್ಟಿಗೆ ಬರುತ್ತೆ, ಚಿನ್ನದ ಸಾಲವೂ ಬರುತ್ತೆ, ಮೈಕ್ರೋಫೈನಾನ್ಸ್‌ನಿಂದ ತಗೊಂಡ ಸಂಘದ ಸಾಲವೂ ಬರುತ್ತೆ. 'ಚಿಕ್ಕದು, ಪರವಾಗಿಲ್ಲ' ಅನ್ನೋ ಸಾಲ ಅಲ್ಲಿ ಇಲ್ಲ.

ಎಫ್‌ಡಿ ಮೇಲೆ ಕಾರ್ಡು

ಸಾಲ ತೆಗೆದುಕೊಳ್ಳದೆ ಸುಮ್ನೆ ಇದ್ದರೆ ಸ್ಕೋರ್ ತಾನೇ ಏರುತ್ತೆ ಅಂತ ಹಲವರು ಅಂದುಕೊಂಡಿದ್ದಾರೆ. ಉಳಿತಾಯ ಖಾತೆಯಲ್ಲಿ ಎಷ್ಟಿದೆ, ಸಂಬಳ ಎಷ್ಟು, ಯುಪಿಐನಲ್ಲಿ ಎಷ್ಟು ಕಳಿಸಿದಿರಿ, ಇದ್ಯಾವುದೂ ಸ್ಕೋರಿನ ಲೆಕ್ಕಕ್ಕೆ ಬರೋದಿಲ್ಲ. ಲೆಕ್ಕಕ್ಕೆ ಬರೋದು ಸಾಲ ಮತ್ತು ಅದನ್ನು ತೀರಿಸಿದ ರೀತಿ ಮಾತ್ರ. ಹಳೆಯ ಕೆಟ್ಟ ತಿಂಗಳುಗಳ ಪಕ್ಕದಲ್ಲಿ ಹೊಸ ಒಳ್ಳೆಯ ತಿಂಗಳು ಬರಬೇಕು. ಅದಕ್ಕೆ ಒಂದು ಚಿಕ್ಕ ಸಾಲದ ಖಾತೆ ಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಸುರಕ್ಷಿತ ದಾರಿ ಎಫ್‌ಡಿ ಇಟ್ಟು ತೆಗೆದುಕೊಳ್ಳುವ ಕ್ರೆಡಿಟ್ ಕಾರ್ಡು. ದುಡ್ಡು ಬ್ಯಾಂಕಿನಲ್ಲೇ ಇರೋದರಿಂದ ಸ್ಕೋರ್ ಕಡಿಮೆ ಇದ್ದರೂ ಕೊಡುವ ಸಾಧ್ಯತೆ ಜಾಸ್ತಿ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತೆ. ರಾಜಿ ಮಾಡಿಕೊಂಡ ಬ್ಯಾಂಕ್ ಬಿಟ್ಟು ಬೇರೆ ಬ್ಯಾಂಕಿನಲ್ಲಿ ಕೇಳಿ. ಎಫ್‌ಡಿ ಎಷ್ಟಿರಬೇಕು, ಅದರ ಶೇಕಡಾ ಎಷ್ಟು ಲಿಮಿಟ್, ವಾರ್ಷಿಕ ಶುಲ್ಕ ಎಷ್ಟು, ಕಾರ್ಡಿನ ಮಾಹಿತಿ ನಾಲ್ಕೂ ಕ್ರೆಡಿಟ್ ಕಂಪನಿಗೆ ಹೋಗುತ್ತಾ, ಇಷ್ಟನ್ನು ಕೇಳಿ ತಿಳಿದುಕೊಂಡು ಸಹಿ ಮಾಡಿ.

ನಾನು 25,000 ರೂಪಾಯಿ ಎಫ್‌ಡಿ ಇಟ್ಟೆ, 20,000 ಲಿಮಿಟ್ ಸಿಕ್ಕಿತು. ಆ ಕಾರ್ಡಿಗೆ ಎರಡೇ ಖರ್ಚು ಹಾಕಿದೆ: ಕರೆಂಟ್ ಬಿಲ್ಲು ಮತ್ತು ಪೆಟ್ರೋಲ್. ತಿಂಗಳಿಗೆ ನಾಲ್ಕು ಸಾವಿರ ದಾಟುತ್ತಿರಲಿಲ್ಲ. ಲಿಮಿಟ್‌ನ ಶೇಕಡಾ 30ರೊಳಗೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಲಿಮಿಟ್ 20,000 ಆದರೆ 6,000. ಚಿಕ್ಕ ಲಿಮಿಟ್ ಇದ್ದಾಗ ಈ ಗೆರೆ ಬೇಗ ದಾಟಿಹೋಗುತ್ತೆ. ಒಂದು ತಿಂಗಳು ಜಾಸ್ತಿ ಖರ್ಚಾದರೆ ಸ್ಟೇಟ್‌ಮೆಂಟ್ ಬರುವ ಮುಂಚೆಯೇ ಒಂದಿಷ್ಟು ಕಟ್ಟಿಬಿಡಿ.

ಬಿಲ್ಲು ಬಂದಾಗ ಪೂರ್ತಿ ಮೊತ್ತ ಕಟ್ಟಬೇಕು. 'ಕನಿಷ್ಠ ಮೊತ್ತ' ಕಟ್ಟಿದರೆ ದಾಖಲೆಯಲ್ಲಿ ತಡ ಅಂತ ಬರಲ್ಲ, ನಿಜ. ಆದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತೆ, ನಮ್ಮಲ್ಲಿ ಬಹಳ ಜನ ಹಾಳಾದದ್ದು ಅದೇ ದಾರಿಯಲ್ಲಿ. ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿ. ಹಾಕಿದ ಮೇಲೂ ಆ ದಿನ ಖಾತೆಯಲ್ಲಿ ದುಡ್ಡಿದೆಯಾ ನೋಡಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬೇಡಿ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

ಒಂದು ಚಿಕ್ಕ ವಿಷಯ, ಆದರೆ ಇದರಲ್ಲೇ ಹಲವರು ಬೀಳುತ್ತಾರೆ. ಕಾರ್ಡು ಬಳಸದ ತಿಂಗಳಲ್ಲೂ ವಾರ್ಷಿಕ ಶುಲ್ಕ ಬಿದ್ದಿರಬಹುದು. 'ನಾನು ಏನೂ ಖರ್ಚೇ ಮಾಡಿಲ್ಲ' ಅಂತ ಬಿಲ್ಲು ನೋಡದೆ ಬಿಟ್ಟರೆ, ಐನೂರು ರೂಪಾಯಿಗೆ ತಡದ ಗುರುತು ಬೀಳುತ್ತೆ. ಕಷ್ಟಪಟ್ಟು ತುಂಬಿಸಿದ ಸೊನ್ನೆಗಳ ಸಾಲಿನಲ್ಲಿ ಒಂದು '030' ಬಂದರೆ ಎಷ್ಟು ಹೊಟ್ಟೆ ಉರಿಯುತ್ತೆ ಅಂತ ಹೇಳೋಕಾಗಲ್ಲ. ಪ್ರತಿ ತಿಂಗಳೂ ಸ್ಟೇಟ್‌ಮೆಂಟ್ ತೆರೆದು ನೋಡಿ.

ಕಾರ್ಡು ಕೈಯಲ್ಲಿದ್ದರೆ ತಡೆಯೋಕೆ ಆಗಲ್ಲ ಅನ್ನೋ ಸ್ವಭಾವ ನಿಮ್ಮದಾದರೆ, ಅದನ್ನು ಒಪ್ಪಿಕೊಂಡು ಕಾರ್ಡಿನ ದಾರಿ ಬಿಡಿ. ನಿಜವಾಗಿ ಬೇಕಾದ ಒಂದು ವಸ್ತುವನ್ನು ಆರೋ ಹನ್ನೆರಡೋ ಕಂತಿನಲ್ಲಿ ತಗೊಂಡು ಸರಿಯಾಗಿ ತೀರಿಸಿದರೂ ಅದೇ ಕೆಲಸ ಆಗುತ್ತೆ. ಬೇಡದ ವಸ್ತುವನ್ನು ಸ್ಕೋರಿಗಾಗಿ ಕೊಳ್ಳೋದು ಬೇಡ.

ಎಷ್ಟು ತಿಂಗಳಿಗೆ ಎಷ್ಟು ಪಾಯಿಂಟ್ ಏರುತ್ತೆ ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಪ್ರತಿಯೊಬ್ಬರ ರಿಪೋರ್ಟೂ ಬೇರೆ. ನನ್ನದು ಮೊದಲ ನಾಲ್ಕೈದು ತಿಂಗಳು ಅಲುಗಾಡಲೇ ಇಲ್ಲ, ಆಮೇಲೆ ನಿಧಾನವಾಗಿ ಏರಿತು.

ಅಳಿಸಿಕೊಡ್ತೀವಿ ಅನ್ನೋರು

'ಸೆಟಲ್ಡ್ ತೆಗೆಸಿಕೊಡ್ತೀವಿ, ಮೂವತ್ತು ದಿನದಲ್ಲಿ 750 ಗ್ಯಾರಂಟಿ' ಅಂತ ಫೋನ್ ಮಾಡೋರಿದ್ದಾರೆ. ಮುಂಗಡ ಐದೋ ಹತ್ತೋ ಸಾವಿರ ಕೇಳುತ್ತಾರೆ. ನಿಜವಾದ ಮಾಹಿತಿಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ತಪ್ಪು ಮಾಹಿತಿಯನ್ನು ತಿದ್ದಿಸೋದಾದರೆ ಮೇಲೆ ಹೇಳಿದ ಹಾಗೆ ನೀವೇ ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದು. ದುಡ್ಡು ಹೋಗೋದಲ್ಲದೆ ನಿಮ್ಮ ಪ್ಯಾನ್, ಆಧಾರ್, ಒಟಿಪಿ ಅವರ ಕೈ ಸೇರುತ್ತೆ. ಸಾಲದಿಂದ ಸೋತವರ ಹತ್ತಿರ ಮತ್ತೆ ಕಿತ್ತುಕೊಳ್ಳುವ ಈ ದಂಧೆ ನೋಡಿದರೆ ನನಗೆ ತಡೆಯಲಾರದ ಸಿಟ್ಟು ಬರುತ್ತೆ. ಫೋನ್ ಇಟ್ಟುಬಿಡಿ.

ದೊಡ್ಡ ಸಾಲಕ್ಕೆ ಹೋಗುವಾಗ

ಹೊಸ ಖಾತೆಯಲ್ಲಿ ಕನಿಷ್ಠ ಒಂದು, ಸಾಧ್ಯವಾದರೆ ಎರಡು ವರ್ಷ ಸೊನ್ನೆಗಳು ತುಂಬಿದ ಮೇಲೆ ಹೋಗಿ. ಆನ್‌ಲೈನ್ ಅರ್ಜಿಗಿಂತ ನಿಮ್ಮ ಸಂಬಳ ಬರುವ ಅಥವಾ ವ್ಯಾಪಾರದ ವಹಿವಾಟು ನಡೆಯುವ ಶಾಖೆಗೇ ಹೋಗೋದು ಒಳ್ಳೆಯದು. ಅರ್ಜಿ ಹಾಕುವ ಮುಂಚೆ ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ಕೇಳಿ: ಹಿಂದೆ ಒಂದು ಸಾಲ ಸೆಟಲ್ ಆಗಿದೆ, ನಿಮ್ಮಲ್ಲಿ ಇದಕ್ಕೆ ಎಷ್ಟು ವರ್ಷದ ನಿಯಮ ಇದೆ? ಅವರು ರಿಪೋರ್ಟ್ ತೆಗೆಯುವ ಮೊದಲೇ ಉತ್ತರ ಸಿಗುತ್ತೆ, ರಿಪೋರ್ಟಿನಲ್ಲಿ ಇನ್ನೊಂದು ಎನ್‌ಕ್ವಯರಿ ಬೀಳೋದು ತಪ್ಪುತ್ತೆ.

ಮುಚ್ಚಿಡಬೇಡಿ, ಹೇಗಿದ್ದರೂ ಅವರಿಗೆ ಕಾಣುತ್ತೆ. ಫೈಲ್ ಎದುರಿಗಿಟ್ಟು ಯಾಕೆ ಹಾಗಾಯ್ತು ಅಂತ ಎರಡು ಮಾತಿನಲ್ಲಿ ಹೇಳಿ. ಕೆಲಸ ಹೋಗಿತ್ತು, ಆಸ್ಪತ್ರೆ ಖರ್ಚು ಬಂತು, ಅಂಗಡಿ ನಷ್ಟವಾಯ್ತು, ಏನಿದೆಯೋ ಅದು. ಕೇಳುವ ಮೊತ್ತ ಸ್ವಲ್ಪ ಕಡಿಮೆ ಇರಲಿ, ನಿಮ್ಮ ಕಡೆಯಿಂದ ಹಾಕುವ ದುಡ್ಡು ಸ್ವಲ್ಪ ಜಾಸ್ತಿ ಇರಲಿ. ಬಡ್ಡಿ ದರವೂ ಬೇರೆಯವರಿಗಿಂತ ಒಂಚೂರು ಮೇಲಿರಬಹುದು, ಅದಕ್ಕೆ ತಯಾರಾಗಿ ಹೋಗಿ.

ಜಾಮೀನು ಹಾಕಿದವರನ್ನು ಮರೆಯಬೇಡಿ

ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಿಮ್ಮ ಸಾಲಕ್ಕೆ ಮಾವನೋ ಗೆಳೆಯನೋ ಜಾಮೀನು ನಿಂತಿದ್ದರೆ, ಆ ಸಾಲ ಅವರ ರಿಪೋರ್ಟಿನಲ್ಲೂ ಇರುತ್ತೆ. ನೀವು ಕಟ್ಟದ ತಿಂಗಳುಗಳ ಗುರುತು ಅವರ ಹೆಸರಿನ ಕೆಳಗೂ ಬಿದ್ದಿರುತ್ತೆ. ಜಂಟಿ ಸಾಲವಾಗಿದ್ದರೆ ಹೆಂಡತಿಯ ಅಥವಾ ಗಂಡನ ರಿಪೋರ್ಟಿನಲ್ಲೂ ಅಷ್ಟೇ. ಅವರಿಗೆ ಇದು ಗೊತ್ತೇ ಇಲ್ಲದಿರಬಹುದು, ಮಗನ ಓದಿಗೆ ಸಾಲ ಕೇಳೋಕೆ ಹೋದ ದಿನ ಗೊತ್ತಾಗುತ್ತೆ.

ನೀವೇ ಅವರ ಮನೆಗೆ ಹೋಗಿ, ಅವರ ಫೋನಿನಲ್ಲಿ ಉಚಿತ ರಿಪೋರ್ಟ್ ತೆಗೆಸಿಕೊಡಿ. ನಿಮ್ಮದರಲ್ಲಿ ನೋಡಿದ ಹಾಗೆಯೇ ಸ್ಥಿತಿ, ಬಾಕಿ, ತಿಂಗಳ ಪಟ್ಟಿ ನೋಡಿ. ನಿಮ್ಮ ಖಾತೆ ಸರಿಹೋಗಿ ಅವರದ್ದು ಹಳೆಯದೇ ಉಳಿದಿದ್ದರೆ ಡಿಸ್ಪ್ಯೂಟ್ ಅವರ ಹೆಸರಿನಲ್ಲೇ ಹಾಕಬೇಕು. ಅದಕ್ಕೆ ನಿಮ್ಮ ಸೆಟಲ್‌ಮೆಂಟ್ ಪತ್ರ ಮತ್ತು ಎನ್‌ಡಿಸಿಯ ನಕಲು ಬೇಕಾಗುತ್ತೆ, ಒಂದೊಂದು ಪ್ರತಿ ಅವರ ಮನೆಯಲ್ಲೇ ಬಿಟ್ಟು ಬನ್ನಿ.